ಕತ್ತಿಲ್ಲದ ವಧುವಿಗೊಂದು ತಾಳಿ

2019ರ ಜೂನ್ 8ರಂದು ಉಡುಪಿಯಲ್ಲಿ ವರುಣನಿಗೂ ವರ್ಷಾಳಿಗೂ ಮದುವೆಯಾಯಿತು. ಇಬ್ಬರೂ ಕಪ್ಪೆಗಳು. ಮಳೆ ಬರಲೆಂದು ಊರವರೇ ಮುಂದೆ ನಿಂತು ಮಾಡಿಸಿದ ಮದುವೆ. ಸುದ್ದಿ ಸಮುದ್ರ ದಾಟಿ ಹೋಯಿತು, ಓದಿದವರೆಲ್ಲ ನಕ್ಕರು. ನಗುವವರ ಸಾಲಿನಲ್ಲಿ ನಿಲ್ಲುವುದು ಸುಲಭ, ಮರ್ಯಾದೆಗೂ ಒಳ್ಳೆಯದು. ಆದರೂ ಹುಡುಗನ ಕಡೆಯವರೋ ಹುಡುಗಿಯ ಕಡೆಯವರೋ ಯಾರಾದರೊಬ್ಬರು ಈ ಮದುವೆಯ ಪರ ಮಾತಾಡಬೇಕಲ್ಲ? ಅರ್ಧ ನಾಚಿಕೆ, ಅರ್ಧ ಹುರುಪಿನಿಂದ ಈ ವಕಾಲತ್ತು ನಾನೇ ವಹಿಸಿಕೊಂಡಿದ್ದೇನೆ. ನನ್ನ ವಾದ ಇಷ್ಟೇ: ಕಪ್ಪೆ ಮದುವೆ ಮಾಡಿಸುವವರು ಕಂಡದ್ದು ಸರಿ, ಮುಹೂರ್ತ ಇಟ್ಟದ್ದು ಮಾತ್ರ ತಪ್ಪು.

ಮಳೆಗೂ ಕಪ್ಪೆಗೂ ನಂಟಿದೆ ಎಂದು ಹೇಳಲು ಪಂಚಾಂಗ ಬೇಕಿಲ್ಲ, ಗದ್ದೆಯ ಬದುವಿನ ಮೇಲೆ ಕಿವಿಯಿಟ್ಟುಕೊಂಡು ಕೂತರೆ ಸಾಕು. ವರ್ಷದ ಬಹುಪಾಲು ಕೆಸರಿನ ಬಣ್ಣ ಹೊತ್ತು ಯಾರ ಕಣ್ಣಿಗೂ ಬೀಳದ ಗಂಡು ಗೋಂಕುರು ಕಪ್ಪೆ, ಮೊದಲ ಜಡಿಮಳೆ ಬಿದ್ದೊಡನೆ ಅಪ್ಪಟ ಹಳದಿಯಾಗಿಬಿಡುತ್ತದೆ. ಗಂಟಲ ಎರಡೂ ಬದಿಗೆ ಎರಡು ನೀಲಿ ಚೀಲ ಉಬ್ಬಿಸಿಕೊಂಡು ವಟಗುಟ್ಟತೊಡಗುತ್ತದೆ. ಅರಿಶಿನ ಹಚ್ಚಿಕೊಂಡ ಮದುಮಗ, ಓಲಗವೂ ಅವನದೇ! ಕೂಗು ಕೇಳಿ ಹೆಣ್ಣು ಬರುತ್ತದೆ, ನಿಂತ ನೀರಿನಲ್ಲಿ ಮೊಟ್ಟೆಯಿಡುತ್ತದೆ. ಇದನ್ನು ತಲೆಮಾರುಗಳಿಂದ ನೋಡಿದ ರೈತ ‘ಮಳೆಗಾಲವೆಂದರೆ ಕಪ್ಪೆಗಳ ಮದುವೆಗಾಲ’ ಎಂದುಕೊಂಡರೆ ಅದು ಮೂಢನಂಬಿಕೆ ಹೇಗಾದೀತು? ಎಡವಿದ್ದು ಆಮೇಲೆ. ಮಳೆ ಬಂದರೆ ಮದುವೆ ಎನ್ನುವುದು ತಿರುಗಾಮುರುಗಾ ಆಗಿ, ಮದುವೆಯಾದರೆ ಮಳೆ ಎಂದಾಯಿತು. ಕೊಡೆ ಬಿಚ್ಚಿದರೆ ಮೋಡ ಕಟ್ಟುತ್ತದೆ ಎಂದ ಹಾಗೆ.

ಇನ್ನು ಶಾಸ್ತ್ರದ ವಿಷಯ. ಮದುವೆ ಎಂದ ಮೇಲೆ ತಾಳಿ ಕಟ್ಟಬೇಕಲ್ಲ? ಎಲ್ಲಿಗೆ ಕಟ್ಟುವುದು? ಕಪ್ಪೆಗೆ ಕತ್ತೇ ಇಲ್ಲ. ಪೂರ್ತಿ ಇಲ್ಲವೆಂದರೆ ಪ್ರಾಣಿಶಾಸ್ತ್ರದವರು ಒಪ್ಪಲಿಕ್ಕಿಲ್ಲ: ನಮ್ಮ ಕತ್ತಿನಲ್ಲಿ 7 ಮೂಳೆಗಳಿದ್ದರೆ ಅದರ ಕತ್ತಿಗೆ ಬಂದಿರುವುದು ಒಂದೇ. ಆ ಒಂದು ಮೂಳೆಯ ಅಗಲದೊಳಗೆ ತಲೆ ಮುಗಿದು ಮೈ ಶುರುವಾಗಬೇಕು. ವಧುವಾದವಳು ತಲೆ ಬಗ್ಗಿಸಬೇಕೆಂಬುದು ಸಂಪ್ರದಾಯ. ಕಪ್ಪೆ ಬಗ್ಗಿಸಿದರೆ ಇಡೀ ಮೈಯೇ ಬಗ್ಗೀತು. ಮೂರು ಗಂಟು ಹಾಕಲು ವರನಿಗಿರುವುದು ಮುಂಗಾಲಿಗೆ ನಾಲ್ಕೇ ಬೆರಳು. ಮೈಯೋ ಸದಾ ಲೋಳೆ. ಮೊದಲ ಗಂಟು ಬಿಗಿಯುವಷ್ಟರಲ್ಲಿ ತಾಳಿ ಸೊಂಟಕ್ಕೆ ಜಾರಿ ಡಾಬಾಗಿರುತ್ತದೆ. ‘ಗಟ್ಟಿಮೇಳ’ ಎಂದು ಕೂಗಿದರೆ ಆ ಸದ್ದಿಗೆ ವಧು ಒಂದೇ ನೆಗೆತಕ್ಕೆ ಅಕ್ಷತೆಯ ತಟ್ಟೆಯಲ್ಲಿ. ಕಾಲುಂಗುರ ತೊಡಿಸೋಣವೆಂದರೆ ಹಿಂಗಾಲಲ್ಲಿ ಐದು ಬೆರಳುಗಳೇನೋ ಇವೆ, ನಡುವೆ ಚರ್ಮದ ಪೊರೆ. ಉಂಗುರ ಹಿಂದಕ್ಕೆ ಸರಿಯುವ ಮಾತೇ ಇಲ್ಲ. ಸಪ್ತಪದಿಯನ್ನು ನಾನು ಯೋಚಿಸಲೂ ಹೋಗುವುದಿಲ್ಲ. ಏಳು ಹೆಜ್ಜೆ ಎಂದರೆ ಏಳು ಕುಪ್ಪಳ, ಅಷ್ಟರಲ್ಲಿ ದಂಪತಿ ಮಂಟಪದಲ್ಲೇ ಇರುವುದಿಲ್ಲ.

‘ಇದೆಲ್ಲ ಹಣ ದಂಡ’ ಎಂಬುದು ಒಂದು ಆಕ್ಷೇಪ. ಮನುಷ್ಯರ ಮದುವೆಯ ಎಂಜಲೆಲೆಗಳಲ್ಲಿ ಉಳಿಯುವ ಅನ್ನ ನೋಡಿದವರು ಈ ಮಾತಾಡಬಾರದು. ಕಪ್ಪೆ ವರದಕ್ಷಿಣೆ ಕೇಳಿಲ್ಲ, ಬೀಗರು ಊಟಕ್ಕೆ ಹೆಸರಿಟ್ಟಿಲ್ಲ. ಇನ್ನು ಬೆಳಗ್ಗೆ ಒಂದು ಗಂಟೆ ರಾಶಿಫಲ ಹೇಳಿಸಿ, ಸಂಜೆ ಕಪ್ಪೆ ಮದುವೆಯನ್ನು ಮೌಢ್ಯವೆಂದು ಆಡಿಕೊಳ್ಳುವ ಟಿ.ವಿ. ಚಾನೆಲ್‌ಗಳಿಗೆ ಉತ್ತರ ಕೊಡುವ ತಾಳ್ಮೆ ನನಗಿಲ್ಲ. ‘ಮದುವೆಯಾದ ಮೇಲೆ ಮಳೆ ಬಂತಲ್ಲ’ ಎಂಬ ಎದುರು ಪಕ್ಷದ ವಾದವೇ ಸ್ವಲ್ಪ ಕಷ್ಟದ್ದು. ಬಂತು, ನಿಜ. ಉಡುಪಿಯಲ್ಲಿ ಮದುವೆಯಾದ ದಿನವೇ ಕೇರಳಕ್ಕೆ ಮುಂಗಾರು ಕಾಲಿಟ್ಟಿತೆಂದು ಹವಾಮಾನ ಇಲಾಖೆ ಸಾರಿತು. ಆದರೆ ಅದು ಸಾಮಾನ್ಯವಾಗಿ ಬರಬೇಕಾದದ್ದು ಜೂನ್ 1ಕ್ಕೆ. ವಾರ ತಡವಾಗಿ ಹೊರಟ ಬಸ್ಸು ದಾರಿಯಲ್ಲಿದ್ದಾಗ ನಿಲ್ದಾಣದಲ್ಲಿ ಕೈಬೀಸಿದವರು, ಬಸ್ಸು ಬಂದದ್ದೇ ತಮ್ಮಿಂದ ಎಂದ ಹಾಗಾಯಿತು.

ಆ ವರ್ಷ ಭೋಪಾಲದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಜುಲೈಯಲ್ಲಿ ಕಪ್ಪೆ ಮದುವೆ ಮಾಡಿಸಿದರು, ಮಳೆ ನಿಲ್ಲದೆ ಹೊಯ್ದಾಗ ಸೆಪ್ಟೆಂಬರಿನಲ್ಲಿ ವಿಚ್ಛೇದನವನ್ನೂ ಕೊಡಿಸಿದರು. ಇದಕ್ಕೆ ನಗುತ್ತಿರುವಾಗಲೇ ಅದೇ ವರ್ಷದ ಆಗಸ್ಟ್ ನೆನಪಾಗುತ್ತದೆ. ಬೆಳಗಾವಿ, ಬಾಗಲಕೋಟೆಗಳಲ್ಲಿ ನದಿಗಳು ಊರೊಳಗೆ ಬಂದಿದ್ದವು, ಕೊಡಗಿನಲ್ಲಿ ಗುಡ್ಡ ಕುಸಿದಿತ್ತು. ಮನೆ ಕಳೆದುಕೊಂಡು ಪರಿಹಾರ ಕೇಂದ್ರಗಳಲ್ಲಿ ಚಾಪೆ ಹಾಸಿಕೊಂಡವರ ಮುಂದೆ ಮಳೆ ತರಿಸಿದ ಹೆಮ್ಮೆಯನ್ನು ಯಾರೂ ಹೇಳಿಕೊಳ್ಳಲಾರರು. ಬರದಿದ್ದರೆ ಕೈಮುಗಿದು ಕರೆಯುವುದು, ಹೆಚ್ಚಾದರೆ ಸಾಕೆಂದು ಬೇಡುವುದು. ಇದರಲ್ಲಿ ಮೂರ್ಖತನಕ್ಕಿಂತ ಕೈಲಾಗದ ಸಂಕಟವೇ ಹೆಚ್ಚು.

ಆದ್ದರಿಂದ ಮುಂದಿನ ಬೇಸಗೆಯಲ್ಲಿ ಕಪ್ಪೆ ಹಿಡಿಯಲು ಹೊರಡುವವರಲ್ಲಿ ನನ್ನದೊಂದು ವಿನಂತಿ. ಮದುವೆ ಖಂಡಿತ ಮಾಡಿಸಿ, ಮುಹೂರ್ತ ಮಾತ್ರ ಮಳೆ ಬಿದ್ದ ಮೇಲೆ ಇಡಿ. ಕೆರೆ ಮುಚ್ಚದೆ ಉಳಿಸಿದ್ದರೆ ವಧೂವರರು ತಾವೇ ಬರುತ್ತಾರೆ, ಹಿಡಿದು ತರಬೇಕಾಗಿಲ್ಲ.