ಜಾಕ್ ಕ್ಷೇತ್ರ ದರ್ಶನ

(ಲಂಡನ್ನಿನ ವೈಟ್‌ಚಾಪೆಲ್. ಸಂಜೆ. ಮುಂದೆ ಗೈಡು, ಹಿಂದೆ ಎತ್ತಿದ ಮೊಬೈಲುಗಳ ಮೆರವಣಿಗೆ. ಮಗನ ಮನೆಗೆ ಬಂದಿರುವ ರಾಯರು, ಪದ್ದಮ್ಮ. ರಾಯರು ಈ ವಿಷಯದಲ್ಲಿ ಸಂಬಳವಿಲ್ಲದ ಪತ್ತೇದಾರರು.)

ಪದ್ದಮ್ಮ: ಇಷ್ಟೊಂದು ಜನ! ಯಾವ ದೇವರ ಉತ್ಸವಾರೀ?

ರಾಯರು: ದೇವರಲ್ಲ ಕಣೇ, ಜಾಕ್ ದಿ ರಿಪ್ಪರ್. 1888ರಲ್ಲಿ ಐದು ಹೆಂಗಸರನ್ನ ಕೊಂದ ಜಾಗ ಇದೇ.

ಪದ್ದಮ್ಮ: ಹಾಗಾದ್ರೆ ಚಪ್ಪಲಿ ಬಿಡೋದು ಬೇಡ. ಕಳ್ಳ ಸಿಕ್ಕಿದನೇ?

ರಾಯರು: ಎಲ್ಲಿ ಸಿಕ್ತಾನೆ! ಅನುಮಾನ ಮಾತ್ರ ನೂರಕ್ಕೂ ಹೆಚ್ಚು ಜನರ ಮೇಲೆ. ವಿಕ್ಟೋರಿಯಾ ರಾಣಿ ಮೊಮ್ಮಗ, ಚಿತ್ರಕಾರ ಸಿಕರ್ಟ್, ಆಲಿಸ್ ಕಥೆ ಬರೆದ ಲೂಯಿಸ್ ಕ್ಯಾರಲ್ಲೂ!

ಪದ್ದಮ್ಮ: ಬಡವರು ಯಾರೂ ಇಲ್ವಾ?

ರಾಯರು: ಒಬ್ಬ ಕ್ಷೌರಿಕ ಇದ್ದಾನೆ. ಆದ್ರೆ ರಾಜಕುಮಾರ ಆದ್ರೆ ಸಿನಿಮಾ ಓಡುತ್ತೆ.

ಪದ್ದಮ್ಮ: ಆ ಐವರ ಹೆಸರೇನು?

ರಾಯರು: ಅದು... ಒಬ್ಬಳು ಮೇರಿ... ಚಾಕುವಿನ ಅಳತೆ ಕೇಳು, ಹೇಳ್ತೀನಿ!

ಪದ್ದಮ್ಮ: ಮ್ಯೂಸಿಯಮ್ಮೂ ಇದೆಯಂತೆ?

ರಾಯರು: ಕೇಬಲ್ ಸ್ಟ್ರೀಟಲ್ಲಿ, 2015ರಿಂದ. ಅರ್ಜಿ ಹಾಕಿದಾಗ ಮಹಿಳೆಯರ ಇತಿಹಾಸದ ಮ್ಯೂಸಿಯಂ ಅಂದಿದ್ರು. ಪರದೆ ಸರಿದಾಗ ನೋಡಿದ್ರೆ, ಜಾಕ್!

ಪದ್ದಮ್ಮ: ಮಾತು ತಪ್ಪಲಿಲ್ಲ ಬಿಡಿ. ಮಹಿಳೆಯರೂ ಇದ್ದಾರೆ, ಅವರು ಇತಿಹಾಸವೂ ಆಗಿದ್ದಾರೆ.

ರಾಯರು: 2019ರಲ್ಲಿ ಒಂದು ಶಾಲಿನ ಡಿಎನ್‌ಎ ಹಿಡಿದು, ಆ ಕ್ಷೌರಿಕನೇ ಅಂತ ಬರೆದ್ರು.

ಪದ್ದಮ್ಮ: ಶಾಲು ಬಂತು. ಹಾರ, ಹಣ್ಣಿನ ಬುಟ್ಟಿ?

ರಾಯರು: ತಮಾಷೆ ಸಾಕು. ಬೇರೆ ತಜ್ಞರು ಒಪ್ಪಲಿಲ್ಲ, ಕೇಸು ಹಾಗೇ ಇದೆ.

ಪದ್ದಮ್ಮ: ಸದ್ಯ! ಈ ಗೈಡಿಗೂ ಹೆಂಡ್ತಿ ಮಕ್ಕಳು ಇರ್ತಾರಲ್ಲ.