ಅರ್ಧ ಹಾಕ್ಲಾ?

ಮದುವೆ ಊಟದ ಪಂಕ್ತಿಯಲ್ಲಿ ಕೂತವನ ಬಲಗೈ ಅನ್ನ ಸಾರಿನಲ್ಲಿ ಮುಳುಗಿರುತ್ತದೆ. ಎಡಗೈಯನ್ನು ಎಲೆಯ ಮೇಲೆ ತಂದರೆ ಪಕ್ಕದ ಹಿರಿಯರು ಕೆಮ್ಮುತ್ತಾರೆ. ಈ ಅಸಹಾಯಕತೆ ಬಡಿಸುವವರಿಗೆ ಚೆನ್ನಾಗಿ ಗೊತ್ತು. ಹೋಳಿಗೆ ಹಿಡಿದು ಬಂದವನು "ಅರ್ಧ ಹಾಕ್ಲಾ?" ಅನ್ನುತ್ತಾನೆ. ನಾವು ಬಾಯಲ್ಲಿದ್ದುದನ್ನು ನುಂಗಿ "ಬೇಡಪ್ಪಾ, ಸಾಕು" ಅನ್ನುವಷ್ಟರಲ್ಲಿ ಇಡೀ ಹೋಳಿಗೆ ಎಲೆಗೆ ಬಿದ್ದು, ಅದರ ಮೇಲೆ ತುಪ್ಪವೂ ಸುರಿದಾಗಿರುತ್ತದೆ. ಎಲೆಯ ಮೇಲೆ ಪೂರ್ತಿ ಬಗ್ಗಿ, ಅಂಗೈ ಅಡ್ಡ ಹಿಡಿದು ಕಾವಲು ಕೂತವರನ್ನು ಕಂಡಿದ್ದೇನೆ. ಅವರ ಬೆರಳ ಸಂದಿಯಿಂದ ಜಾರಿ ಇಳಿದ ಜಿಲೇಬಿಯನ್ನೂ ಕಂಡಿದ್ದೇನೆ. ಆಮೇಲೆ ಯಜಮಾನರ ಸವಾರಿ ಬರುತ್ತದೆ. "ಸಂಕೋಚ ಮಾಡ್ಕೋಬೇಡಿ, ಸಾವಕಾಶವಾಗಿ ಆಗ್ಲಿ" ಎಂದು ಕೈ ಮುಗಿಯುತ್ತಾರೆ. ತುಂಬಿದ ಹೊಟ್ಟೆಯನ್ನೂ ಸಂಕೋಚದ ಲೆಕ್ಕಕ್ಕೇ ಬರೆದುಕೊಳ್ಳುವವರ ಹತ್ತಿರ ವಾದ ಮಾಡುವುದು ಹೇಗೆ?

ತಪ್ಪು ಅವರದ್ದೊಂದೇ ಅಲ್ಲ ಅನ್ನಿ. ಮೊದಲ ಸಲ ಕೇಳಿದಾಗಲೇ "ಹಾಕಿ" ಅಂದವನು ನಮ್ಮಲ್ಲಿ ಹೊಟ್ಟೆಬಾಕ. ಬೇಡ ಬೇಡವೆನ್ನುತ್ತಲೇ ಇದ್ದು, ಕೊನೆಗೆ "ನಿಮ್ಮ ಬಲವಂತಕ್ಕೆ" ಎಂದು ಒಪ್ಪುವುದು ಮರ್ಯಾದೆ. ಬೇಡವೆಂದ ಕೂಡಲೇ ಹೋಳಿಗೆಯವನು ಮುಂದಿನ ಎಲೆಗೆ ಹೋಗಿಬಿಟ್ಟರೆ "ಆ ಮದುವೇಲಿ ಊಟಕ್ಕೆ ಕೇಳೋರೇ ಇರ್ಲಿಲ್ಲ" ಎಂಬ ಮಾತು ನೆಂಟರಿಷ್ಟರಲ್ಲೆಲ್ಲ ಓಡಾಡುತ್ತದೆ. ಹೀಗಿರುವಾಗ ನಿಜವಾಗಿ ಬೇಡದವನ ಗತಿ ಯಾರಿಗೆ ಬೇಕು? ಸಕ್ಕರೆ ಕಾಯಿಲೆಯವರು ಪಾಪ, ತಮ್ಮ ಕಾಯಿಲೆಯನ್ನು ಪಂಕ್ತಿಗೆಲ್ಲ ಕೇಳುವ ಹಾಗೆ ಹೇಳಿಕೊಳ್ಳಬೇಕು. ಹೇಳಿದ ಮೇಲೂ "ಇವತ್ತೊಂದಿನ ಏನೂ ಆಗಲ್ಲ ಬಿಡಿ" ಎಂದು ಬಕೆಟ್ ಹಿಡಿದವನಿಂದಲೇ ವೈದ್ಯಕೀಯ ಸಲಹೆ ಸಿಗುತ್ತದೆ.

ಇಂಥ ಗುಟ್ಟು ಉಳಿಸಿಕೊಳ್ಳಲು ಕಾನೂನಾದರೂ ನೆರವಿಗೆ ಬರುತ್ತದೇನೋ ಎಂದು ನೋಡಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಕ್ಕೊರಲಿನಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆ ನಡೆದದ್ದೇ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿನಲ್ಲಿ, ಆಧಾರ್ ವಿಚಾರವಾಗಿ ಅವರು 2012ರಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದಾಗ ವಯಸ್ಸು ಎಂಬತ್ತು ದಾಟಿತ್ತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂತು. ಒಪ್ಪಿಗೆ ಎಂದರೆ ಬಲವಂತವಿಲ್ಲದೆ, ವಿಷಯ ತಿಳಿದುಕೊಂಡು, ಸ್ಪಷ್ಟವಾಗಿ ಕೊಟ್ಟದ್ದಾಗಿರಬೇಕಂತೆ. ಕೊಟ್ಟಷ್ಟೇ ಸಲೀಸಾಗಿ ವಾಪಸು ಪಡೆಯುವ ಹಾಗೂ ಇರಬೇಕಂತೆ. ಎಲೆಗೆ ಬಿದ್ದ ಹೋಳಿಗೆಯನ್ನು ವಾಪಸು ಕೊಟ್ಟವರುಂಟೇ? ಆದರೂ ಆಸೆಯಿಂದ 3ನೇ ಕಲಮಿಗೆ ಬಂದರೆ ಅಲ್ಲೊಂದು ವಿನಾಯಿತಿ: ಯಾರಾದರೂ ಸ್ವಂತಕ್ಕೆ, ಮನೆಮಟ್ಟಿಗೆ ಮಾಹಿತಿ ಬಳಸಿಕೊಂಡರೆ ಕಾಯ್ದೆ ಅನ್ವಯಿಸುವುದಿಲ್ಲ. ಅಲ್ಲಿಗೆ ನಾಡಿನ ಸಮಸ್ತ ದೊಡ್ಡಮ್ಮಂದಿರೂ ಪಾರು.

ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬಂದವರೂ ಪಾರು. ಬೆಂಗಳೂರಿಂದ ಮೈಸೂರಿಗೆ ಊರೂರಿಗೆ ನಿಲ್ಲುವ ಬಸ್ಸು ಹತ್ತಿ ನೋಡಿ. ಬಿಡದಿಗೆ ಮುಂಚೆ "ಯಾವೂರಾಯ್ತು?" ರಾಮನಗರ ದಾಟಿದ ಮೇಲೆ "ನೀವು ಯಾವ ಕಡೆಯೋರು?" ಎಂದು ಜಾತಿಯ ಸುತ್ತ ಒಂದು ಪ್ರದಕ್ಷಿಣೆ. ಚನ್ನಪಟ್ಟಣದಲ್ಲಿ ಮದುವೆ, ಮದ್ದೂರಿನಲ್ಲಿ ಸಂಬಳ. ಮಕ್ಕಳಿಲ್ಲವೆಂದು ಗೊತ್ತಾದರೆ ಮಂಡ್ಯ ಬರುವಷ್ಟರಲ್ಲಿ ಒಬ್ಬ ಡಾಕ್ಟರ ವಿಳಾಸ, ಒಂದು ದೇವರ ಹರಕೆ ಎರಡೂ ಸಿದ್ಧ. ಇದೇ ಮಹಾನುಭಾವರು ಮದ್ದೂರು ವಡೆಯಲ್ಲಿ ಅರ್ಧ ಮುರಿದು ಕೊಟ್ಟಿರುತ್ತಾರೆ, ಲಗೇಜು ಇಳಿಸಲು ಮೊದಲು ಎದ್ದಿರುತ್ತಾರೆ. ಮೂರು ತಾಸು ತುಟಿ ಬಿಚ್ಚದೆ ಕೂತಿದ್ದರೆ ಇಳಿಯುವಾಗ "ಏನು ಜಂಬ ಮನುಷ್ಯಂಗೆ" ಎಂದು ಬೈದುಕೊಳ್ಳುತ್ತಿದ್ದವನೂ ನಾನೇ. ನಮ್ಮ ಫೋನಿನಲ್ಲಿ ಬಂದ ಸುದ್ದಿಯನ್ನು ಹೆಗಲ ಮೇಲಿಂದ ಓದುತ್ತಾ "ಸ್ವಲ್ಪ ತಡೀರಿ, ಆ ಸಾಲು ಇನ್ನೂ ಮುಗೀಲಿಲ್ಲ" ಅನ್ನುವವರನ್ನು ಮಾತ್ರ ಕ್ಷಮಿಸಲಾರೆ.

ಮಕ್ಕಳ ವಿಷಯಕ್ಕೆ ಬಂದರೆ ನನಗೆ ನಗು ಅಷ್ಟು ಸುಲಭವಾಗಿ ಬರುವುದಿಲ್ಲ. ಶಾಲೆಯಲ್ಲಿ ಗುಡ್ ಟಚ್, ಬ್ಯಾಡ್ ಟಚ್ ಪಾಠ ಮಾಡಿ, ಇಷ್ಟವಿಲ್ಲದಿದ್ದರೆ ಜೋರಾಗಿ ಹೇಳು ಎಂದು ಕಲಿಸಿ ಕಳಿಸಿರುತ್ತಾರೆ. ಭಾನುವಾರ ನೆಂಟರು ಬಂದಾಗ ಅದೇ ಮಗುವಿನ ಕೆನ್ನೆ ಕೆಂಪಾಗುವಷ್ಟು ಹಿಂಡುತ್ತಾರೆ. ಅದು ಮುಖ ತಿರುಗಿಸಿದರೆ "ಮಗೂಗೆ ಏನೂ ಕಲಿಸಿಲ್ವಾ?" ಎಂಬ ಪ್ರಶ್ನೆ.

ಮೊನ್ನೆ ಚಿಕ್ಕಪ್ಪ ಅಂಗಳದಲ್ಲಿ ಬೈಕಿನ ಚೈನಿಗೆ ಗ್ರೀಸು ಹಚ್ಚಿ ಒಳಗೆ ಬಂದವರೇ ಅಕ್ಕನ ಮಗಳನ್ನು ಕರೆದು "ತಾತಂಗೊಂದು ಮುತ್ತು ಕೊಡು" ಅಂದರು.

"ಬೇಡ" ಎಂದಳು.

ಒಗ್ಗರಣೆ ಹಾಕುತ್ತಿದ್ದ ಅಮ್ಮ ಅಲ್ಲಿಂದಲೇ "ಹಾಗೆಲ್ಲ ಅನ್ಬಾರ್ದು ಪುಟ್ಟಿ, ತಾತ ಅಲ್ವಾ" ಎಂದರು. ಅಕ್ಕ ಮಾತ್ರ, "ಬೇಡ ಅಂದ್ಲಲ್ಲಮ್ಮ, ಬಿಡು" ಎಂದು ಹುರಳಿಕಾಯಿ ನಾರು ತೆಗೆಯುವುದನ್ನು ಮುಂದುವರಿಸಿದಳು. ಚಿಕ್ಕಪ್ಪನ ಮುಖ ಸಪ್ಪೆಯಾಯಿತು. ಸ್ವಲ್ಪ ಹೊತ್ತು ಬಿಟ್ಟು ಕೈ ಚಾಚಿ "ಹೋಗ್ಲಿ, ಶೇಕ್‌ಹ್ಯಾಂಡಾದ್ರೂ ಕೊಡ್ತೀಯಾ?" ಎಂದು ಕೇಳಿದರು. ಹೌದು, ಕೇಳಿದರು.

ಅವಳು ಆ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿ, "ಸೋಪು ಹಾಕಿ ತೊಳ್ಕೊಂಡ್ ಬಾ, ಆಮೇಲೆ ಹೇಳ್ತೀನಿ" ಎಂದಳು. ಊರ ಪಂಚಾಯ್ತಿಗಳನ್ನೆಲ್ಲ ಬಗೆಹರಿಸಿದ ಚಿಕ್ಕಪ್ಪ, ಪಂಚೆ ಎತ್ತಿ ಕಟ್ಟಿ ಬಚ್ಚಲ ಕಡೆ ನಡೆದರು.