ತುಪಾಕಿ ಗೌಡ್ರು

ನಂದಗುಡಿ ಹೋಬಳಿಯ ಯಾವ ಊರಿಗೆ ಹೋದರೂ ಒಬ್ಬ ತುಪಾಕಿ ಗೌಡ್ರು ಸಿಕ್ಕೇ ಸಿಗುತ್ತಾರೆ. ಗೋಡೆಯ ಗೂಟದಲ್ಲಿ ತಾತನ ಕಾಲದ ಒಂಟಿ ನಳಿಗೆ, ಬೀರುವಿನಲ್ಲಿ ಬೆಳೆ ರಕ್ಷಣೆಯ ಲೈಸೆನ್ಸು ಇದ್ದರೆ ಸಾಕು, ಆ ಬಿರುದು ತಾನಾಗಿ ಬರುತ್ತದೆ. ಬಾಯಿಂದ ಮದ್ದು ತುಂಬುವ ಬಂದೂಕು ಅದು. ಹಾರಿಸುವುದನ್ನು ಗೌಡ್ರೇ ಬಾಯಲ್ಲಿ ಮಾಡುತ್ತಾರೆ.

"ಟಿಪ್ಪು ಕಾಲದ್ದು ಕಣಪ್ಪ ಇದು" ಎಂಬಲ್ಲಿಂದ ಮಾತು ಶುರು. ದೇವನಹಳ್ಳಿ ಪಕ್ಕದಲ್ಲೇ ಇರುವಾಗ ಟಿಪ್ಪುವನ್ನು ಬಿಟ್ಟಾರೆಯೇ? ಟಿಪ್ಪು ಶ್ರೀರಂಗಪಟ್ಟಣದಲ್ಲಿ ಬಿದ್ದದ್ದು 1799ರಲ್ಲಿ. ಆಗಿನ ಬಂದೂಕಿಗೆ ಚಕಮಕಿ ಕಲ್ಲಿನ ಕಿಡಿಯೇ ಗತಿ. ಕುದುರೆಯ ಕೆಳಗೆ ತಾಮ್ರದ ಕೇಪು ಇಡುವುದು ಬಂದದ್ದು 1820ರ ಆಸುಪಾಸಿನಲ್ಲಿ. ಗೌಡ್ರದು ಕೇಪಿನ ಬಂದೂಕು. ಊರಿನ ಮೇಷ್ಟ್ರು ಈ ತೊಡಕನ್ನು ಟೀ ಅಂಗಡಿಯಲ್ಲಿ ಎತ್ತಿದರು. ಗೌಡ್ರು ಬೀಡಿ ಬೂದಿ ಕೊಡವಿ, "ಏನ್ ಮೇಷ್ಟ್ರೇ, ರಾಕೆಟ್ಟು ಬಿಟ್ಟೋನಿಗೆ ಒಂದ್ ಕೇಪು ಮಾಡ್ಕೊಳ್ಳೋದು ಕಷ್ಟವಾ?" ಅಂದರು. ಮೇಷ್ಟ್ರು ಟೀ ಕುಡಿದರು.

ನಳಿಗೆ ಗಿಡ್ಡ. ತಾತ ಒಮ್ಮೆ ಉತ್ಸಾಹದಲ್ಲಿ ಮದ್ದು ಜಾಸ್ತಿ ಜಡಿದು ಬಾಯಿ ಸೀಳಿಸಿಕೊಂಡು, ಸೀಳಿದಷ್ಟನ್ನು ಕಮ್ಮಾರನ ಹತ್ತಿರ ಕತ್ತರಿಸಿ ಹಾಕಿಸಿದನಂತೆ. 1959ರ ಆಯುಧ ಕಾಯ್ದೆಗೆ ಮುಂಚಿನ ಮಾತು. ಈಗ ಲೈಸೆನ್ಸಿಲ್ಲದೆ ನಳಿಗೆ ಮೊಟಕು ಮಾಡಿದರೆ ಅದೇ ಕಾಯ್ದೆಯ 6ನೇ ಕಲಮಿಗೆ ಸಿಕ್ಕಿಬೀಳಬೇಕಾಗುತ್ತದೆ ಎಂದು ಗೌಡ್ರೇ ಎಲ್ಲರಿಗೂ ಎಚ್ಚರಿಕೆ ಕೊಡುತ್ತಾರೆ, ಯಾರೂ ಕೇಳದಿದ್ದರೂ.

ಗೌಡ್ರ ಪಾಂಡಿತ್ಯವೆಲ್ಲ ಇರುವುದು ಬೆರಳಲ್ಲಿ. ಮದ್ದು, ತೆಂಗಿನ ನಾರು, ಚರೆ, ಮೇಲೆ ಮತ್ತೆ ನಾರು. ಗಜ ಇಳಿಬಿಟ್ಟರೆ ನಳಿಗೆಯ ಬಾಯಿಂದ ಅದು ಎಷ್ಟು ಬೆರಳು ಮೇಲೆ ನಿಲ್ಲುತ್ತದೋ ಅಷ್ಟು ಬೆರಳು ಭರ್ತಿ. ಯಾರ ಬೆರಳು ಅನ್ನುವುದೇ ಪ್ರಶ್ನೆ. ರಾಗಿಮುದ್ದೆ ಮುರಿದು ಬಲಿತ ಗೌಡ್ರ ನಾಲ್ಕು ಬೆರಳೂ ವೈಟ್‌ಫೀಲ್ಡಿನಲ್ಲಿ ಕೀಬೋರ್ಡು ಒತ್ತುವ ತಮ್ಮನ ಮಗನ ನಾಲ್ಕು ಬೆರಳೂ ಒಂದೇ ಅಳತೆಯಲ್ಲ. ಅವನೋ ಮೊಬೈಲಿನಲ್ಲಿ ಅಮೆರಿಕದವರ ವಿಡಿಯೋ ನೋಡಿ ಬಂದವನು.

"ದೊಡ್ಡಪ್ಪ, ಬೆರಳಲ್ಲ, ಗ್ರೇನಲ್ಲಿ ಅಳೀಬೇಕು."

"ಗ್ರಾಂ ಅನ್ನು."

"ಗ್ರಾಮಲ್ಲ ದೊಡ್ಡಪ್ಪ, ಗ್ರೇನು. ಹದಿನೈದು ಗ್ರೇನಾದ್ರೆ ಹೆಚ್ಚುಕಮ್ಮಿ ಒಂದು ಗ್ರಾಂ."

"ಲೋ ಮಗ, ರೇಷ್ಮೆಗೂಡು ತೂಗೋ ತಕ್ಕಡೀಲೇ ಅಷ್ಟು ಸಣ್ಣದು ಬರಲ್ಲ, ಹಂದಿ ಮುಂದೆ ನಿಂತ್ಕೊಂಡು ಯಾವನ್ಲಾ ತೂಗ್ತಾನೆ?"

ಹುಡುಗ ಬಿಡಲಿಲ್ಲ. ಗಿಡ್ಡ ನಳಿಗೆಯಲ್ಲಿ ಹೆಚ್ಚು ಮದ್ದು ತುಂಬಿ ಲಾಭವಿಲ್ಲ, ಅದೆಲ್ಲ ಒಳಗೇ ಉರಿದು ಮುಗಿಯುವಷ್ಟು ಉದ್ದವಿರುವುದಿಲ್ಲ, ಮಿಕ್ಕದ್ದು ಬಾಯಿಂದಾಚೆ ಬೆಂಕಿಯಾಗಿ, ಹೊಗೆಯಾಗಿ ಹೋಗುತ್ತದೆ ಎಂದು ವಿವರಿಸಿದ. "ಅದೇ ಕಣ್ಲಾ ಬೇಕಾಗಿರೋದು" ಅಂದರು ಗೌಡ್ರು. "ಹಂದಿ ಹೆದರೋದು ಬೆಂಕಿಗೆ. ಗುಂಡು ಯಾರ್ ನೋಡ್ತಾರೆ?" ಬೆಳೆ ಕಾಯುವವನ ದೃಷ್ಟಿಯಿಂದ ಇದರಲ್ಲಿ ತಪ್ಪು ಹುಡುಕುವುದು ನನಗಂತೂ ಆಗಲಿಲ್ಲ.

ಗುರಿಯ ವಿಷಯಕ್ಕೆ ಬಂದಾಗ ಮಾತ್ರ ಗೌಡ್ರು ಕೊಂಚ ಮೆತ್ತಗಾದರು. ಹಿಂದಿನ ಕಚ್ಚಿಗೂ ಮುಂದಿನ ಮಣಿಗೂ ನಡುವೆ ಒಂದು ಮೀಟರು ಇದ್ದಾಗ, ಮಣಿ ಒಂದು ಮಿಲಿಮೀಟರು ಆಚೀಚೆಯಾದರೆ 50 ಮೀಟರು ದೂರದಲ್ಲಿ ಏಟು 5 ಸೆಂಟಿಮೀಟರು ತಪ್ಪುತ್ತದೆ. ಆ ಅಂತರ ಅರ್ಧ ಮೀಟರಿಗೆ ಇಳಿದರೆ ತಪ್ಪು 10 ಸೆಂಟಿಮೀಟರು. ಇದರ ಮೇಲೆ ಚಾಳೀಸು ಬೇರೆ. ಕಚ್ಚು, ಮಣಿ, ಹಂದಿ ಮೂರೂ ಮೂರು ದೂರದಲ್ಲಿದ್ದರೆ ಕಣ್ಣಿಗೆ ಸ್ಪಷ್ಟವಾಗುವುದು ಒಂದೇ. ಗೌಡ್ರು ಇಷ್ಟು ವರ್ಷ ಹಂದಿಯನ್ನೇ ಆರಿಸಿಕೊಂಡಿದ್ದರು. ಹಿಂದಿನ ಕಚ್ಚಿನ ಬದಲು ಸಣ್ಣ ತೂತಿರುವ ಬಿಲ್ಲೆ ಕೂರಿಸಿದರೆ ಎಲ್ಲವೂ ತಿಳಿಯಾಗಿ ಕಾಣುತ್ತದೆ ಎಂದ ಹುಡುಗ. ಗೌಡ್ರು ಒಳಗೆ ಹೋಗಿ ಅಜ್ಜಿಯ ಅಡಿಕೆಚೀಲದಿಂದ 1943ರ ತೂತಿನ ಕಾಸು ತಂದು, ಕಾಸಿನ ಮೇಲೆ ಕಾಗದ ಅಂಟಿಸಿ, ಸೂಜಿಯಲ್ಲಿ ಚುಚ್ಚಿ ಕಣ್ಣಿಗೆ ಹಿಡಿದರು. ಪಂಚಾಯ್ತಿ ಬೋರ್ಡಿನ ಅಕ್ಷರ ಕನ್ನಡಕವಿಲ್ಲದೆ ಓದಿದರು. ಅಂದಿನಿಂದ ಬಂದೂಕು ಗೂಟದಲ್ಲೇ ಉಳಿಯಿತು, ಕಾಸು ಜೇಬಿಗೆ ಬಂತು. ಸೊಸೈಟಿಯ ರಸೀದಿ, ಹಾಲಿನ ಡೈರಿಯ ಫ್ಯಾಟು ಎಲ್ಲವನ್ನೂ ಈಗ ಅದರಲ್ಲೇ ಗುರಿಯಿಡುತ್ತಾರೆ.

ಇಷ್ಟಾಗಿ ಅವರು ಹಂದಿ ಹೊಡೆದದ್ದುಂಟೆ ಎಂದು ಕೇಳಬಾರದು. 1972ರ ವನ್ಯಜೀವಿ ಕಾಯ್ದೆಯಿದೆ, ಅನುಮತಿಯಿಲ್ಲದೆ ಕಾಡುಹಂದಿಗೆ ಹೊಡೆಯುವ ಹಾಗಿಲ್ಲ. ಟೊಮೇಟೊ ಕುಕ್ಕುವ ನವಿಲಂತೂ ರಾಷ್ಟ್ರಪಕ್ಷಿ, ಅದರತ್ತ ಬೆರಳು ತೋರಿಸಲೂ ಗೌಡ್ರು ಹಿಂದೆಮುಂದೆ ನೋಡುತ್ತಾರೆ. ಲೈಸೆನ್ಸು ನವೀಕರಣಕ್ಕೆ ಬೀರಸಂದ್ರದ ಜಿಲ್ಲಾಡಳಿತ ಭವನಕ್ಕೆ ಇಸ್ತ್ರಿ ಪಂಚೆಯಲ್ಲಿ ಹೋಗುತ್ತಾರೆ. 2019ರ ತಿದ್ದುಪಡಿಯಲ್ಲಿ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದ್ದು ಅವರಿಗೆ ಬೇಸರದ ಸಂಗತಿ, ಪಂಚೆಗೆ ಕೆಲಸ ಕಡಿಮೆಯಾಯಿತು. ಆಯುಧಪೂಜೆಯ ದಿನ ನಳಿಗೆಗೆ ವಿಭೂತಿ, ಮಣಿಗೆ ಕುಂಕುಮ, ಬಾಯಿಗೆ ಚೆಂಡುಹೂವು. ಆ ದಿನ ಗುರಿಯಿಟ್ಟರೆ ಕಾಣುವುದು ಕುಂಕುಮ ಮಾತ್ರ.

ಇನ್ನು ಚುನಾವಣೆ. 2023ರಲ್ಲಿ ವಿಧಾನಸಭೆ, 2024ರಲ್ಲಿ ಲೋಕಸಭೆ. ನೀತಿ ಸಂಹಿತೆ ಜಾರಿಯಾದೊಡನೆ ಬಂದೂಕು ಠಾಣೆಯಲ್ಲಿ ಠೇವಣಿ. ಹಂದಿಗಳಿಗೆ ನೀತಿ ಸಂಹಿತೆ ಅನ್ವಯಿಸುವುದಿಲ್ಲ. ನೀಲಗಿರಿ ತೋಪಿನಿಂದ ರಾತ್ರೋರಾತ್ರಿ ಸಂಸಾರ ಸಮೇತ ಇಳಿದು ಆಲೂಗಡ್ಡೆ ಸಾಲನ್ನು ಉತ್ತು ಹೋದವು. ಗೌಡ್ರು ರಸೀದಿ ಹಿಡಿದುಕೊಂಡು, "ತುಪಾಕಿ ಇದ್ದಿದ್ರೆ!" ಎಂದು ಊರೆಲ್ಲ ಸುತ್ತಿದರು. ಅಷ್ಟರಲ್ಲಿ ಗೌಡ್ತಮ್ಮ ಹಳೇ ಸೀರೆಗಳನ್ನು ಹೊಲದ ಸುತ್ತ ಗೂಟಕ್ಕೆ ಕಟ್ಟಿ ಮುಗಿಸಿದ್ದರು. ಹಂದಿ ಆ ಕಡೆ ಸುಳಿಯಲಿಲ್ಲ.

ಈಗ ಗೌಡ್ರು ಟೀ ಅಂಗಡಿಯಲ್ಲಿ ಸೀರೆಬೇಲಿಯ ಮೇಲೆ ಮಾತಾಡುತ್ತಿದ್ದಾರೆ. ಹಂದಿಗಾದರೆ ನೂಲಿನ ಸೀರೆ, ಮೊಲಕ್ಕಾದರೆ ಪಾಲಿಯೆಸ್ಟರು, ಅಂಚು ನೆಲದಿಂದ ಸರಿಯಾಗಿ ನಾಲ್ಕು ಬೆರಳು ಮೇಲಿರಬೇಕಂತೆ.